ಗಲ್ಲಾಪೆಟ್ಟಿಗೆ ಪಕ್ಕದ ಸರ್ವರ್, ತೆರೆದಿಟ್ಟ ಪೋರ್ಟ್

ಹುಬ್ಬಳ್ಳಿಯ ಕಮರಿಪೇಟೆಯ ಅಂಗಡಿಗಳಲ್ಲಿ ಸರ್ವರ್‌ಗೆಂದು ಬೇರೆ ಕೋಣೆ ಇರುವುದಿಲ್ಲ. ಅದು ಗಲ್ಲಾಪೆಟ್ಟಿಗೆಯ ಕೆಳಗೋ, ಮಾಲು ಜೋಡಿಸಿಟ್ಟ ಕಪಾಟಿನ ಮಗ್ಗುಲಲ್ಲೋ, ದೇವರ ಫೋಟೊ ಕೆಳಗಿನ ಮೂಲೆಯಲ್ಲೋ ಕೂತಿರುತ್ತದೆ. ನೋಡಲು ಸಾಮಾನ್ಯ ಕಂಪ್ಯೂಟರೇ. ಅದರ ಹಾರ್ಡ್ ಡಿಸ್ಕ್‌ನಲ್ಲಿ ಟ್ಯಾಲಿಯ ಲೆಕ್ಕವೆಲ್ಲ ಇದೆ. ಅಂಗಡಿಯ ಇನ್ನೆರಡು ಮೂರು ಕಂಪ್ಯೂಟರ್‌ಗಳು ತಂತಿಯ ಮೂಲಕ ಅಲ್ಲಿಂದಲೇ ಓದುತ್ತವೆ, ಅಲ್ಲಿಗೇ ಬರೆಯುತ್ತವೆ. ಅಷ್ಟಕ್ಕೇ ಅದು ಸರ್ವರ್. ದಾಜಿಬಾನ ಪೇಟೆ, ದುರ್ಗದ ಬೈಲ್, ಅಮರಗೋಳದ ಎಪಿಎಂಸಿ, ಗೋಕುಲ ರಸ್ತೆಯ ಕಾರ್ಖಾನೆಗಳು, ಎಲ್ಲಿಗೆ ಹೋದರೂ ಸಣ್ಣ ವ್ಯಾಪಾರದ ಏರ್ಪಾಡು ಹೆಚ್ಚುಕಡಿಮೆ ಇದೇ. ಸೀರೆ ಅಂಗಡಿಯಾಗಲಿ, ಕಬ್ಬಿಣದ ಡೀಲರ್ ಆಗಲಿ, ಸಾವಜಿ ಖಾನಾವಳಿಯಾಗಲಿ, ಯಾರು ಎಷ್ಟು ಉದ್ದರಿ ಒಯ್ದಿದ್ದಾರೆ, ಯಾರಿಗೆ ಎಷ್ಟು ಕೊಡಬೇಕು ಎಂಬುದು ಆ ಒಂದೇ ಡಬ್ಬಿಯಲ್ಲಿದೆ.

ಹಿಂದೆ ಇದೆಲ್ಲ ಕೀರ್ದಿ ಖತಾವಣಿಯಲ್ಲಿ ಇರುತ್ತಿತ್ತು. ಆ ಪುಸ್ತಕ ಕದಿಯಬೇಕೆಂದರೆ ಕಳ್ಳ ಅಂಗಡಿಗೇ ಬರಬೇಕಿತ್ತು, ತಿಜೋರಿ ಒಡೆಯಬೇಕಿತ್ತು. ಈಗ ಬೇರೆ ಯಾವುದೋ ದೇಶದಲ್ಲಿ ಕೂತವನು ಶನಿವಾರ ರಾತ್ರಿ ಆ ಲೆಕ್ಕವನ್ನು ಓದಬಲ್ಲ, ಬೀಗ ಜಡಿಯಬಲ್ಲ, ಸೋಮವಾರ ಬೆಳಿಗ್ಗೆ ಬಿಡುಗಡೆಗೆ ರೊಕ್ಕ ಕೇಳಬಲ್ಲ. ಸಣ್ಣ ಅಂಗಡಿಯ ಸರ್ವರ್‌ಗೆ ಇಂಥ ಗತಿ ಬರಲು ಮಹಾ ಜಾಣ ಹ್ಯಾಕರ್ ಬೇಕಿಲ್ಲ. ಯಾರೋ ಅನುಕೂಲಕ್ಕೆಂದು ತೆರೆದ, ಮಾಲೀಕರಿಗೆ ಗೊತ್ತೇ ಇಲ್ಲದ ಒಂದು ದಾರಿ ಸಾಕು. ಆ ದಾರಿ ಹೇಗೆ ತೆರೆದುಕೊಳ್ಳುತ್ತದೆ, ಅದನ್ನು ಮುಚ್ಚಿಯೂ ಮನೆಯಿಂದ ಲೆಕ್ಕ ನೋಡುವುದು ಹೇಗೆ ಎಂದು ಪ್ರತಿಯೊಬ್ಬ ಅಂಗಡಿಕಾರರೂ ತಿಳಿದಿರಬೇಕು. ಇದು ಎಂಜಿನಿಯರ್‌ಗಳಿಗೆ ಬಿಟ್ಟುಬಿಡುವ ವಿಷಯವಲ್ಲ.

ಲೆಕ್ಕದ ಕಂಪ್ಯೂಟರ್‌ಗೆ ಇಂಟರ್ನೆಟ್ ಏಕೆ ಬೇಕು, ತಂತಿ ಕಿತ್ತಿಟ್ಟರೆ ಮುಗಿಯಲಿಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ಅದು ಸರಿಯಾದ ಸಲಹೆಯೇ ಆಗಿತ್ತು. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿ ಬಹುಕಾಲ ಇಂಟರ್ನೆಟ್ ಇಲ್ಲದೆಯೇ ದೇಶದ ಲೆಕ್ಕ ಬರೆಯಿತು. ಆಮೇಲೆ ಸರ್ಕಾರದ ಕೆಲಸವೆಲ್ಲ ಜಾಲಕ್ಕೆ ಬಂತು. ಕರ್ನಾಟಕದ ವ್ಯಾಪಾರಿಗಳಿಗೆ ಜಿಎಸ್‌ಟಿಗೆ ಮೊದಲೇ, ವ್ಯಾಟ್ ಕಾಲದಲ್ಲೇ, ಮಾಲು ಸಾಗಿಸಲು ಇ-ಸುಗಮ್ ತೆಗೆಯುವ ರೂಢಿ ಇತ್ತು. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ ಬಂತು. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವವರು ಇನ್ನೊಬ್ಬ ವ್ಯಾಪಾರಿಗೆ ಬಿಲ್ ಹಾಕುವಾಗ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಬಿಲ್ ಸರ್ಕಾರಿ ಪೋರ್ಟಲ್‌ಗೆ ಹೋಗಿ, ಸಂಖ್ಯೆ ಮತ್ತು ಕ್ಯೂಆರ್ ಕೋಡ್ ಪಡೆದು ಬಂದರೇ ಅದು ಬಿಲ್. ಸಗಟು ಜವಳಿ ವ್ಯಾಪಾರಕ್ಕೆ 5 ಕೋಟಿ ದೊಡ್ಡ ಮೊತ್ತವೇನಲ್ಲ. ಹೀಗಾಗಿ ಲೈನ್ ಹೋದರೆ ಲಾರಿ ನಿಲ್ಲುತ್ತದೆ.

ಲೈನ್ ಹೋಗುವುದು ನಮ್ಮ ಊರಿನಲ್ಲಿ ಅಪರೂಪವೇನಲ್ಲ. ಹಳೇ ಪೇಟೆಗಳ ಓಣಿಗಳಲ್ಲಿ ಫೈಬರ್ ಕಂಬದಿಂದ ಕಂಬಕ್ಕೆ ಜೋತುಬಿದ್ದಿರುತ್ತದೆ. ರಸ್ತೆ ಅಗೆದಾಗ, ಮರ ಬಿದ್ದಾಗ, ಎತ್ತರದ ಲೋಡಿನ ಲಾರಿ ನುಗ್ಗಿದಾಗ ಕಡಿಯುತ್ತದೆ. ಎರಡನೇ ಲೈನ್ ಬೇಕೆಂದು ಬಹಳ ಜನ ಇನ್ನೊಂದು ಕಂಪನಿಯ ಫೈಬರ್ ಹಾಕಿಸುತ್ತಾರೆ. ಅದೂ ಅದೇ ಕಂಬದ ಮೇಲೇ ಬಂದಿದ್ದರೆ ಎರಡೂ ಒಟ್ಟಿಗೇ ಕಡಿಯುತ್ತವೆ. ಮೊದಲನೆಯದು ಫೈಬರ್ ಆಗಿದ್ದರೆ ಎರಡನೆಯದು ಸಿಮ್ ಹಾಕುವ 4ಜಿ ಅಥವಾ 5ಜಿ ರೌಟರ್ ಆಗಿರಲಿ. ಎರಡು ಲೈನ್ ಹಿಡಿಯುವ ರೌಟರ್ ಇದ್ದರೆ ಒಂದು ಸತ್ತಾಗ ಇನ್ನೊಂದಕ್ಕೆ ತಾನೇ ಹೊರಳುತ್ತದೆ. ವಿದ್ಯುತ್ತಿಗೂ ಇದೇ ಲೆಕ್ಕ. ಕಂಪ್ಯೂಟರ್‌ಗೆ ಯುಪಿಎಸ್ ಇಟ್ಟು ಫೈಬರ್ ಡಬ್ಬಿ ಮತ್ತು ರೌಟರ್‌ಗಳನ್ನು ನೇರ ಹೆಸ್ಕಾಂ ಕರೆಂಟಿಗೆ ಹಾಕಿದ ಅಂಗಡಿಗಳು ಎಷ್ಟೋ. ಈ ಎರಡೂ ಸಾಮಾನ್ಯವಾಗಿ 12 ವೋಲ್ಟ್‌ನಲ್ಲಿ ನಡೆಯುವ ಸಾಧನಗಳು. ಅಂಗೈಯಗಲದ ಸಣ್ಣ ಯುಪಿಎಸ್ ಸಾಕು. ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು. ಫೈಬರ್ ಗಾಜಿನ ಎಳೆ, ಅದರೊಳಗೆ ವಿದ್ಯುತ್ ಹರಿಯದು. ಆದರೆ ಮಾಳಿಗೆಯ ಮೇಲಿನ ಸಿಸಿಟಿವಿ ಕ್ಯಾಮೆರಾದಿಂದ ಕೆಳಗಿಳಿಯುವ ತಾಮ್ರದ ತಂತಿಯಲ್ಲಿ ಹರಿಯುತ್ತದೆ, ಸ್ವಿಚ್ ಸುಟ್ಟು ಸರ್ವರ್‌ನ ಬೋರ್ಡಿಗೂ ಮುಟ್ಟುತ್ತದೆ. ಸರಿಯಾದ ಅರ್ಥಿಂಗ್ ಇಲ್ಲದ ಅಂಗಡಿಯಲ್ಲಿ ಉಳಿದ ಸುರಕ್ಷತೆಯ ಮಾತು ವ್ಯರ್ಥ.

ಇನ್ನು ಮುಖ್ಯ ವಿಷಯ. ಇಂಟರ್ನೆಟ್‌ಗೆ ಸೇರಿದ ಪ್ರತಿ ಲೈನಿಗೂ ಒಂದು ಐಪಿ ವಿಳಾಸ ಬೇಕು. ಹಳೆಯ ಪದ್ಧತಿಯಲ್ಲಿ, ಅಂದರೆ ಐಪಿ ನಾಲ್ಕನೇ ಆವೃತ್ತಿಯಲ್ಲಿ, ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಜಗತ್ತಿನ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಹೀಗಾಗಿ ಅನೇಕ ಇಂಟರ್ನೆಟ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಹೊರ ವಿಳಾಸದ ಹಿಂದೆ ಕೂಡಿಸುತ್ತವೆ. ನಿಮ್ಮ ರೌಟರ್‌ಗೆ ಬಂದ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವೂ ಅಂಥ ಗುಂಪಿನಲ್ಲಿದ್ದೀರಿ ಎಂದರ್ಥ. ಅಲ್ಲಿಂದ ನೀವು ಹೊರಗೆ ಹೋಗಬಹುದು, ಆದರೆ ಹೊರಗಿನವರು ತಾವಾಗಿ ನಿಮ್ಮ ಅಂಗಡಿಗೆ ಬರಲಾರರು.

ಇದನ್ನು ದೊಡ್ಡ ತೊಂದರೆ ಎಂದು ಅಂಗಡಿಯವರಿಗೆ ಹೇಳಲಾಗುತ್ತದೆ. ಸಾಹುಕಾರರಿಗೆ ರಾತ್ರಿ ಮನೆಯಲ್ಲಿ ಕೂತು ದಿನದ ವ್ಯಾಪಾರ ನೋಡುವ ಆಸೆ. ಆಡಿಟರ್ ಕಚೇರಿಯಿಂದಲೇ ಲೆಕ್ಕ ತೆರೆಯಬೇಕು. ಕಂಪ್ಯೂಟರ್ ಹುಡುಗ ಬರುತ್ತಾನೆ, ಸ್ಟ್ಯಾಟಿಕ್ ಐಪಿ ತೊಗೋರಿ ಎನ್ನುತ್ತಾನೆ. ಇಂಟರ್ನೆಟ್ ಕಂಪನಿಗೆ ಹೆಚ್ಚಿನ ರೊಕ್ಕ ಕಟ್ಟಿದರೆ ಎಂದೂ ಬದಲಾಗದ, ಹೊರಗಿನಿಂದ ಕಾಣುವ ವಿಳಾಸ ಸಿಗುತ್ತದೆ. ಬಳಿಕ ಅವನು ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಪುಟ ತೆಗೆದು ಒಂದು ಸಂಖ್ಯೆ ಬರೆಯುತ್ತಾನೆ. "ಸಾವ್ಕಾರ್ರ, ಇನ್ನ ಮನ್ಯಾಗ ಕುಂತು ಟ್ಯಾಲಿ ನೋಡ್ರಿ." "ಛಲೋ ಆತು ಬಿಡಪಾ." ಕೆಲಸ ಮುಗಿಯಿತು, ಚಹಾ ಕುಡಿದಾಯಿತು. ಆ ಕ್ಷಣದಿಂದ ಸರ್ವರ್ ಇಡೀ ಜಗತ್ತಿಗೆ ಎದುರಾಗಿ ನಿಂತಿದೆ.

ಪೋರ್ಟ್ ಎಂದರೆ ಏನೆಂದು ಇಲ್ಲಿ ಹೇಳಲೇಬೇಕು. ದೊಡ್ಡ ಮಾರುಕಟ್ಟೆ ಕಟ್ಟಡವೊಂದಕ್ಕೆ ವಿಳಾಸ ಒಂದೇ, ಒಳಗೆ ನಂಬರು ಹಾಕಿದ ಮಳಿಗೆಗಳು ಸಾಲುಸಾಲು. ಐಪಿ ವಿಳಾಸ ಕಟ್ಟಡದ್ದು. ಪೋರ್ಟ್ ಮಳಿಗೆಯ ನಂಬರು. ಅಂಥ ನಂಬರುಗಳು 65,535ರವರೆಗೆ ಇವೆ. ವೆಬ್‌ಸೈಟಿಗೆ 443, ವಿಂಡೋಸ್ ಕಡತ ಹಂಚಿಕೆಗೆ 445, ದೂರದಿಂದ ಇನ್ನೊಂದು ಕಂಪ್ಯೂಟರಿನ ಪರದೆ ತೆರೆಯುವ ರಿಮೋಟ್ ಡೆಸ್ಕ್‌ಟಾಪ್‌ಗೆ 3389. ಆ ಹುಡುಗ ಬರೆದದ್ದು ಸಾಮಾನ್ಯವಾಗಿ ಈ ಕೊನೆಯ ಸಂಖ್ಯೆಯನ್ನು.

ಕಮರಿಪೇಟೆಯ ನನ್ನ ಅಂಗಡಿ ಯಾರಿಗೆ ಗೊತ್ತು, ಇದರ ಮೇಲೆ ಯಾರ ಕಣ್ಣು ಬೀಳುತ್ತದೆ ಎಂಬ ಧೈರ್ಯ ಬಹಳ ಜನರಲ್ಲಿದೆ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶ ಹೊರತಂದರು. ಒಳ್ಳೆಯ ವೇಗದ ಒಂದು ಲೈನ್, ಒಂದೇ ಒಂದು ಕಂಪ್ಯೂಟರ್. ನಾಲ್ಕನೇ ಆವೃತ್ತಿಯ ಸಾರ್ವಜನಿಕ ವಿಳಾಸಗಳನ್ನೆಲ್ಲ ತಟ್ಟಿ ಇಂಥ ನಂಬರು ತೆರೆದಿದೆಯೇ ಎಂದು ನೋಡಲು ಅದಕ್ಕೆ 45 ನಿಮಿಷ ಸಾಕಾಯಿತು. ಇಂದು ಇಂಥ ಯಂತ್ರಗಳು ಹಗಲಿರುಳೂ ತಟ್ಟುತ್ತಲೇ ಇವೆ. ಅವು ಹುಬ್ಬಳ್ಳಿಯನ್ನು ಹುಡುಕುತ್ತಿಲ್ಲ, ತೆರೆದ 3389ನ್ನು ಹುಡುಕುತ್ತಿವೆ. ಸಿಕ್ಕೊಡನೆ ಬಳಕೆದಾರರ ಹೆಸರು ಅಡ್ಮಿನಿಸ್ಟ್ರೇಟರ್ ಎಂದು ಊಹಿಸಿ ಪಾಸ್‌ವರ್ಡ್‌ಗಳನ್ನು ಒಂದರ ಹಿಂದೊಂದು ಪ್ರಯತ್ನಿಸುತ್ತವೆ. ಅಂಗಡಿಯ ಹೆಸರಿಗೆ 123 ಸೇರಿಸಿದ ಪಾಸ್‌ವರ್ಡ್ ಎಷ್ಟು ಹೊತ್ತು ತಡೆದೀತು? ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು ಭದ್ರತೆಯ ದಾಖಲೆಯಲ್ಲಿ 4625 ಎಂಬ ಸಂಖ್ಯೆ ಹುಡುಕಿ. ಸೋತ ಪ್ರತಿ ಲಾಗಿನ್ ಪ್ರಯತ್ನಕ್ಕೆ ಅಲ್ಲೊಂದು ಸಾಲು ಇರುತ್ತದೆ. ಅಂಗಡಿ ಮುಚ್ಚಿದ ರಾತ್ರಿಯಲ್ಲಿ ಆ ಸಾಲುಗಳು ಸಾವಿರಗಟ್ಟಲೆ ಬೆಳೆದಿದ್ದರೆ ಯಾರ ಮಾತೂ ಕೇಳಬೇಕಿಲ್ಲ, ಸಾಕ್ಷಿ ಕಣ್ಣೆದುರಿಗೇ ಇದೆ. 3389ರ ಬದಲು 3390 ಎಂದೋ 50000 ಎಂದೋ ಬರೆದು ಬಚ್ಚಿಟ್ಟೆವು ಅನ್ನುವವರಿದ್ದಾರೆ. ತಟ್ಟುವ ಯಂತ್ರಕ್ಕೆ ಆ ನಂಬರುಗಳನ್ನೂ ತಟ್ಟಲು ದಣಿವಿಲ್ಲ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೂ ಅಪಾಯ ತಪ್ಪುವುದಿಲ್ಲ ಎಂಬುದಕ್ಕೆ 2017ರ ಮೇ 12ರ ಶುಕ್ರವಾರ ನೆನಪಿರಲಿ. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಅಂದು ಹೊರಟು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ತಲಾ 300 ಡಾಲರ್ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ನಿಂತವು. ಅದು ಪಾಸ್‌ವರ್ಡ್ ಕೇಳಲೇ ಇಲ್ಲ. ಪೋರ್ಟ್ 445ರ ಹಿಂದಿನ ವಿಂಡೋಸ್ ದೋಷವೊಂದರಿಂದ ನುಗ್ಗಿ, ಒಳಗಿನ ಜಾಲದಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಬ್ಬಿತು. ಮೈಕ್ರೋಸಾಫ್ಟ್ ಆ ದೋಷಕ್ಕೆ ತೇಪೆಯನ್ನು ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಅಪ್‌ಡೇಟ್ ಮುಂದೂಡಿದವರು ಸಿಕ್ಕಿಬಿದ್ದರು. ನಮ್ಮ ಸಹಕಾರಿ ಬ್ಯಾಂಕುಗಳಿಗೂ ಈ ಬಿಸಿ ತಟ್ಟಿದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸೇವಾ ಸಂಸ್ಥೆಯ ಮೇಲೆ ಇಂಥದೇ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ಸ್ಥಗಿತವಾಗಿತ್ತು.

ಹಾಗಾದರೆ ಸಾಹುಕಾರರು ಮನೆಯಲ್ಲಿ ಕೂತು ಲೆಕ್ಕ ನೋಡುವುದು ಬೇಡವೇ? ಖಂಡಿತ ನೋಡಲಿ. ಅದಕ್ಕೆ ವಿಪಿಎನ್ ಎಂಬ ದಾರಿ ಇದೆ. ಮನೆಯ ಲ್ಯಾಪ್‌ಟಾಪ್‌ಗೂ ಅಂಗಡಿಯ ರೌಟರ್‌ಗೂ ನಡುವೆ ಗೂಢಲಿಪಿಯ ಸುರಂಗವೊಂದು ಏರ್ಪಡುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಆ ಸುರಂಗದೊಳಗೆ ಮಾತ್ರ ಓಡಾಡುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ವೈರ್‌ಗಾರ್ಡ್ ಉಚಿತ ತಂತ್ರಾಂಶ, 2020ರಲ್ಲಿ ಲಿನಕ್ಸ್‌ನ ಒಡಲಿಗೇ ಸೇರಿದೆ. ಅದರ ಒಂದು ಗುಣ ನನಗೆ ಬಹಳ ಮೆಚ್ಚುಗೆ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಇಲ್ಲವೆಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ. ತಟ್ಟುವ ಯಂತ್ರಕ್ಕೆ ಅಲ್ಲೇನೋ ಇದೆ ಎಂದು ತಿಳಿಯುವುದೇ ಇಲ್ಲ. ಟೈಲ್‌ಸ್ಕೇಲ್‌ನಂಥ ಸೇವೆಗಳು ಇದೇ ವೈರ್‌ಗಾರ್ಡ್ ಮೇಲೆ ಕಟ್ಟಿದವು. ಅವುಗಳಲ್ಲಿ ಎರಡೂ ಕಡೆಯ ಕಂಪ್ಯೂಟರ್‌ಗಳು ಒಳಗಿನಿಂದ ಹೊರಕ್ಕೇ ಸಂಪರ್ಕ ಬೆಳೆಸಿ ಒಂದನ್ನೊಂದು ಕೂಡಿಕೊಳ್ಳುತ್ತವೆ. ರೌಟರ್‌ನಲ್ಲಿ ಯಾವ ಪೋರ್ಟೂ ತೆರೆಯಬೇಕಿಲ್ಲ, ಸ್ಟ್ಯಾಟಿಕ್ ಐಪಿಯೂ ಬೇಕಿಲ್ಲ. ಅಂದರೆ ತೊಂದರೆ ಎಂದು ಹೇಳುತ್ತಿದ್ದ ಆ ಗುಂಪು ವಿಳಾಸವೇ ನಿಮಗೊಂದು ಗೋಡೆಯಾಗಿ ನಿಲ್ಲುತ್ತದೆ. ಹೊರಗಿನಿಂದ ಕಾಣಿಸಿಕೊಳ್ಳಲು ರೊಕ್ಕ ಕಟ್ಟುವ ಮುಂಚೆ, ಕಾಣಿಸಿಕೊಳ್ಳುವುದು ನಿಜಕ್ಕೂ ಬೇಕೇ ಎಂದು ಕೇಳಿ. ವೆಬ್‌ಸೈಟನ್ನು ಅಂಗಡಿಯೊಳಗಿಂದಲೇ ನಡೆಸುವವರನ್ನು ಬಿಟ್ಟರೆ ಬಹಳಷ್ಟು ಸಣ್ಣ ವ್ಯಾಪಾರಗಳಿಗೆ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಐಪಿ ಆರನೇ ಆವೃತ್ತಿ ಇರುವ ಲೈನಿನಲ್ಲಿ ಮಾತ್ರ ಪ್ರತಿ ಕಂಪ್ಯೂಟರಿಗೂ ಹೊರಗಿನಿಂದ ಕಾಣುವ ವಿಳಾಸ ಬರಬಹುದು. ಅಲ್ಲಿ ರೌಟರ್‌ನ ಫೈರ್‌ವಾಲ್ ಆರನೇ ಆವೃತ್ತಿಗೂ ಚಾಲ್ತಿಯಲ್ಲಿದೆಯೇ ಎಂದು ನೋಡಿಸಬೇಕು.

ರೌಟರ್ ಬಗ್ಗೆ ಇನ್ನೂ ಸ್ವಲ್ಪ. ಫೈಬರ್ ಹಾಕಿದವರು ಕೊಟ್ಟ ಡಬ್ಬಿಯ ಪಾಸ್‌ವರ್ಡ್ ಮಾಲೀಕರಿಗೆ ಗೊತ್ತಿರುವುದು ಕಡಿಮೆ. ಅದರ ಹಿಂದೆ ನಿಮ್ಮದೇ ರೌಟರ್ ಇಟ್ಟು, ಅದರ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ಅದನ್ನು ನಿಯಂತ್ರಿಸುವ ಸೌಲಭ್ಯವನ್ನು ಆಫ್ ಮಾಡಿಸಿ. ಯುಪಿಎನ್‌ಪಿ ಎಂಬುದನ್ನೂ ಆಫ್ ಮಾಡಿಸಿ. ಅದು ಇದ್ದರೆ ಒಳಗಿನ ಯಾವುದೇ ಸಾಧನ ಯಾರನ್ನೂ ಕೇಳದೆ ರೌಟರ್‌ನಲ್ಲಿ ಪೋರ್ಟ್ ತೆರೆಸಿಕೊಳ್ಳಬಲ್ಲದು. ಅಂಗಡಿಯಲ್ಲಿ ಹಾಗೆ ಮಾಡುವ ಮೊದಲ ಅನುಮಾನ ಸಿಸಿಟಿವಿ ಡಿವಿಆರ್ ಮೇಲೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಅದರ ಬಳಿ ಇದ್ದದ್ದು ಅರವತ್ತರ ಆಸುಪಾಸಿನ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಮಾತ್ರ. ಆ ವರ್ಷದ ಅಕ್ಟೋಬರ್ 21ರಂದು ಆ ಸೈನ್ಯ ಒಂದು ಕಂಪನಿಯ ಮೇಲೆ ಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳನ್ನೇ ತಾಸುಗಟ್ಟಲೆ ಅಲ್ಲಾಡಿಸಿತು. ಕಳ್ಳರನ್ನು ಕಾಯಲು ತಂದ ಡಬ್ಬಿಯನ್ನು ಲೆಕ್ಕದ ಕಂಪ್ಯೂಟರ್ ಇರುವ ಜಾಲದಲ್ಲೇ ಇಡಬಾರದು. ಕ್ಯಾಮೆರಾಗಳಿಗೆ ಒಂದು ಜಾಲ, ಗಿರಾಕಿಗಳ ವೈಫೈಗೆ ಒಂದು, ಸರ್ವರ್ ಮತ್ತು ಬಿಲ್ಲಿನ ಕಂಪ್ಯೂಟರ್‌ಗಳಿಗೆ ಒಂದು. ಖಾನಾವಳಿಯ ಗೋಡೆ ಮೇಲೆ ಬರೆದ ವೈಫೈ ಪಾಸ್‌ವರ್ಡ್ ಹಾಕಿ ಊಟಕ್ಕೆ ಬಂದವರು ಸರ್ವರ್ ಇರುವ ಜಾಲಕ್ಕೇ ಸೇರುವಂತಿದ್ದರೆ ಇಂದೇ ಬದಲಿಸಿ. ಈಗಿನ ಸಾಧಾರಣ ರೌಟರ್‌ಗಳಲ್ಲೂ ಅತಿಥಿಗಳಿಗೆ ಬೇರೆ ವೈಫೈ ಕೊಡುವ ಸೌಲಭ್ಯ ಇದೆ.

ಹೊರಗೋಡೆ ಎಷ್ಟು ಭದ್ರವಿದ್ದರೂ ಒಳಗಿನಿಂದಲೇ ಕೆಡುವ ದಾರಿಗಳಿವೆ. ಟ್ಯಾಲಿ ಡೇಟಾದ ಫೋಲ್ಡರ್ ಅನ್ನು ಜಾಲದಲ್ಲಿ ಎಲ್ಲರಿಗೂ ಪೂರ್ಣ ಅಧಿಕಾರ ಕೊಟ್ಟು ಹಂಚಿರುತ್ತಾರೆ, ಕೆಲಸ ಬೇಗ ಆಗಲೆಂದು. ಹಾಗಿದ್ದಾಗ ಬಿಲ್ ಹಾಕುವ ಹುಡುಗಿಯ ಕಂಪ್ಯೂಟರಿನಲ್ಲಿ ಕೊರಿಯರ್ ಹೆಸರಿನ ಒಂದು ಸುಳ್ಳು ಇ-ಮೇಲ್ ತೆರೆದರೂ ಸಾಕು, ಬೀಗ ಬೀಳುವುದು ಸರ್ವರ್‌ನ ಲೆಕ್ಕಕ್ಕೆ. ಯಾರಿಗೆ ಏನು ಬೇಕೋ ಅಷ್ಟೇ ಅಧಿಕಾರ, ಒಬ್ಬೊಬ್ಬರಿಗೂ ಬೇರೆ ಲಾಗಿನ್, ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ರದ್ದು. ಸರ್ವರ್‌ನಲ್ಲಿ ವಾಟ್ಸ್‌ಆ್ಯಪ್, ಸಿನಿಮಾ, ಮಕ್ಕಳ ಆಟ ಯಾವುದೂ ಬೇಡ. ಕದ್ದ ಟ್ಯಾಲಿ, ಕದ್ದ ವಿಂಡೋಸ್ ಹಾಕಿಸಿದವರಿಗೆ ನಾನು ಕಟುವಾಗಿಯೇ ಹೇಳುತ್ತೇನೆ: ಕ್ರ್ಯಾಕ್ ಓಡಿಸುವ ಮುನ್ನ ಆ್ಯಂಟಿವೈರಸ್ ಆರಿಸಿ ಎಂದು ಅಲ್ಲೇ ಬರೆದಿರುತ್ತದೆ, ಹೇಳಿದಂತೆ ಆರಿಸುತ್ತೀರಿ. ಅದಾದ ಮೇಲೆ ಆ ಕಂಪ್ಯೂಟರ್ ನಿಮ್ಮದೆಂದು ಹೇಳಲಾಗದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ತೇಪೆ ಬಾರದ ಇಂಥ ಕಂಪ್ಯೂಟರ್ ಅಂಗಡಿಯಲ್ಲಿ ಇರಲೇಬೇಕಾದರೆ ಇಂಟರ್ನೆಟ್ ಇಲ್ಲದೆ ಇರಲಿ.

ಇಷ್ಟೆಲ್ಲ ಮಾಡಿದರೂ ದಾಳಿ ಆಗಬಹುದು. ಆಗ ಅಂಗಡಿಯನ್ನು ಉಳಿಸುವುದು ಬ್ಯಾಕಪ್ ಒಂದೇ. ಬಹಳ ಅಂಗಡಿಗಳಲ್ಲಿ ಬ್ಯಾಕಪ್ ಎಂದರೆ ಸರ್ವರ್‌ಗೆ ಸದಾ ಚುಚ್ಚಿಟ್ಟ ಪೆನ್‌ಡ್ರೈವ್. ಸುಲಿಗೆ ತಂತ್ರಾಂಶ ಮೊದಲು ಹುಡುಕುವುದೇ ಅದನ್ನು. ಎರಡು ಹೊರಗಿನ ಹಾರ್ಡ್ ಡಿಸ್ಕ್ ಇಟ್ಟುಕೊಳ್ಳಿ. ಇಂದು ಒಂದು, ನಾಳೆ ಇನ್ನೊಂದು, ನಕಲು ಮುಗಿದೊಡನೆ ಕಿತ್ತು ಮನೆಗೆ ಒಯ್ಯುವುದು. ಮೂರನೇ ನಕಲು ಹಳೆಯ ಆವೃತ್ತಿಗಳನ್ನೂ ಉಳಿಸುವ ಕ್ಲೌಡ್ ಸೇವೆಯಲ್ಲಿರಲಿ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕಳೆದ ವಾರದ ಬಿಲ್ಲುಗಳು ಕಾಣುತ್ತವೆಯೇ ನೋಡಿ. ತೆರೆದು ನೋಡದ ಬ್ಯಾಕಪ್ ಮೇಲೆ ನಂಬಿಕೆ ಇಡಬೇಡಿ. ನಾಲ್ಕು ಕಂಪ್ಯೂಟರಿನ ಅಂಗಡಿಗೆ ದುಬಾರಿ ಫೈರ್‌ವಾಲ್ ಯಂತ್ರ ಮಾರಲು ಬಂದವರಿಗೆ, ಮೊದಲು ನನ್ನ ಬ್ಯಾಕಪ್ ತೆರೆದು ತೋರಿಸಿ ಎನ್ನಿ.

ಈ ಕೆಲಸಗಳನ್ನು ಮಾಡುವವನು ಅದೇ ಕಂಪ್ಯೂಟರ್ ಹುಡುಗ, ಅವನನ್ನು ದೂರಿ ಪ್ರಯೋಜನವಿಲ್ಲ. ಕರೆದಾಗ ಬಾ, ಇನ್ನೂರು ಮುನ್ನೂರು ತೊಗೊ, ಹೋಗು ಎಂಬ ಪದ್ಧತಿಯಲ್ಲಿ ಅವನಿಂದ ಬೇರೇನು ನಿರೀಕ್ಷಿಸಲಾದೀತು? ಹುಬ್ಬಳ್ಳಿಯಲ್ಲಿ ಕಲಿತವರಿಗೆ ಕೊರತೆಯಿಲ್ಲ. ಬಿವಿಬಿ ಕಾಲೇಜು, ಈಗಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ವಿದ್ಯಾನಗರದಲ್ಲೇ ಇದೆ. ವರ್ಷದ ಕರಾರು ಮಾಡಿ, ಗೌರವದ ಸಂಬಳ ಕೊಟ್ಟು, ರೌಟರ್ ಮತ್ತು ಸರ್ವರ್‌ಗಳ ಪಾಸ್‌ವರ್ಡ್, ತೆರೆದ ಪೋರ್ಟ್‌ಗಳ ವಿವರ, ಬ್ಯಾಕಪ್ ತೆಗೆದ ದಿನಾಂಕ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಆ ನೋಟ್‌ಬುಕ್ ತಿಜೋರಿಯಲ್ಲಿರಲಿ.

ಬೆಳಿಗ್ಗೆ ಬಂದಾಗ ಪರದೆಯ ಮೇಲೆ ಸುಲಿಗೆಯ ಚೀಟಿ ಕಂಡರೆ ಮೊದಲು ಜಾಲದ ತಂತಿಗಳನ್ನು ಕೀಳಿ, ವೈಫೈ ನಿಲ್ಲಿಸಿ. ಸರ್ವರನ್ನು ಅವಸರದಲ್ಲಿ ಆರಿಸಬೇಡಿ, ತನಿಖೆಗೆ ಬೇಕಾದ ಸುಳಿವು ಅದರ ನೆನಪಿನಲ್ಲಿ ಇರಬಹುದು. ಬ್ಯಾಕಪ್ ಡಿಸ್ಕ್‌ಗಳನ್ನು ಆ ಕಂಪ್ಯೂಟರಿಗೆ ಚುಚ್ಚಲೇಬೇಡಿ. ಚೀಟಿಯ ಫೋಟೊ ತೆಗೆದಿಡಿ. ಬ್ಯಾಂಕ್ ಖಾತೆಯಿಂದ ರೊಕ್ಕವೂ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಮೊದಲ ತಾಸುಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಲಿಖಿತ ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ, ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟಿನ ಸಿಇಎನ್ ಠಾಣೆ ಇದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಕಂಪನಿಗಳು ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ದಾಖಲೆಗಳನ್ನು 180 ದಿನ ಇಟ್ಟಿರಬೇಕು. ಸಣ್ಣ ಉದ್ದಿಮೆಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಇತ್ತು, ಅದು ಮುಗಿದಿದೆ. ಚೀಟಿಯಲ್ಲಿ ಕೇಳಿದ ರೊಕ್ಕ ಕೊಡಬೇಡಿ. ಕೊಟ್ಟವರಿಗೆಲ್ಲ ಲೆಕ್ಕ ವಾಪಸು ಬಂದಿಲ್ಲ. ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ 2016ರಲ್ಲಿ ಆರಂಭಿಸಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಹಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ, ಹೊಸವು ಆಗಾಗ ಸೇರುತ್ತವೆ. ಇಂದು ನಿಮ್ಮ ಬೀಗದ ಕೀಲಿ ಅಲ್ಲಿ ಇಲ್ಲದಿದ್ದರೂ ಆ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ತೆಗೆದಿಡಿ, ಅಂಗಡಿಗೆ ಹೊಸದೊಂದು ಡಿಸ್ಕ್ ಹಾಕಿಸಿ ಮನೆಯಿಂದ ತಂದ ಬ್ಯಾಕಪ್‌ನಿಂದ ಕೆಲಸ ಶುರು ಮಾಡಿ.